ರೇಡಿಯೊ ನಿಲಯಕ್ಕೆ 114 ವಾದಕರು ಯಾಕೆ ಬೇಕಾದರು?

ಪ್ರಶ್ನೆ: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಈಚೆಗೆ ಕೇಳಲು ಶುರು ಮಾಡಿದ್ದೇನೆ. ಯೂಟ್ಯೂಬಿನಲ್ಲಿ ಮತ್ತೆ ಮತ್ತೆ ‘ರೇಡಿಯೊ ಸಿಂಫನಿ ಆರ್ಕೆಸ್ಟ್ರಾ’ ಎಂಬ ಹೆಸರುಗಳು ಕಾಣುತ್ತವೆ. ಬಿಬಿಸಿಗೂ ಅಂಥದ್ದೊಂದಿದೆ. ಸುದ್ದಿ ಓದುವ, ಹಾಡು ಹಾಕುವ ರೇಡಿಯೊಗೆ ನೂರು ಜನರ ವಾದ್ಯವೃಂದ ಯಾಕೆ ಬೇಕಿತ್ತು? ರೆಕಾರ್ಡ್ ಹಾಕಿದ್ದರೆ ಸಾಲದಿತ್ತೆ? ಈಗಲೂ ಅದನ್ನು ಉಳಿಸಿಕೊಂಡಿರುವುದು ಯಾಕೆ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದನ್ನು ಮೊದಲು ಎತ್ತಿಕೊಳ್ಳುತ್ತೇನೆ. ಅದು ಬಿಡಿಸಿಕೊಂಡರೆ ಉಳಿದೆರಡಕ್ಕೂ ದಾರಿ ಸಿಗುತ್ತದೆ. ರೇಡಿಯೊ ವಾದ್ಯವೃಂದಗಳು ಜರ್ಮನಿ, ಡೆನ್ಮಾರ್ಕ್, ಜಪಾನ್, ಅಮೆರಿಕ ಎಲ್ಲ ಕಡೆ ಹುಟ್ಟಿವೆ. ನೀವು ಬಿಬಿಸಿಯ ಹೆಸರೆತ್ತಿರುವುದರಿಂದ ಅದರ ಕಥೆಯನ್ನೇ ಹಿಡಿದು ಹೇಳುತ್ತೇನೆ.

ಬಿಬಿಸಿ ಪ್ರಸಾರ ಆರಂಭಿಸಿದ್ದು 1922ರ ನವೆಂಬರಿನಲ್ಲಿ. ಆಗಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷದಷ್ಟು ಸಂಗೀತ ಹಿಡಿದರೆ ಹೆಚ್ಚು. ಅರ್ಧ ಗಂಟೆಯ ಒಂದು ಸಿಂಫನಿ (ಹಲವು ಭಾಗಗಳಿರುವ, ಇಡೀ ವಾದ್ಯವೃಂದಕ್ಕೆಂದು ಬರೆದ ದೊಡ್ಡ ಕೃತಿ) ಕೇಳಿಸಬೇಕಾದರೆ ಆರೇಳು ಸಲ ತಟ್ಟೆ ತಿರುವಬೇಕು ಇಲ್ಲವೇ ಬದಲಿಸಬೇಕು. ಧ್ವನಿಯದು ಇನ್ನೂ ದೊಡ್ಡ ತೊಡಕು. 1925ರಲ್ಲಿ ಮೈಕ್ರೊಫೋನ್ ಬಳಸಿ ಮುದ್ರಿಸುವ ವಿಧಾನ ಬರುವವರೆಗೆ ವಾದಕರು ದೊಡ್ಡದೊಂದು ಕೊಳವೆಯ ಬಾಯಿಯ ಮುಂದೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತು ನುಡಿಸಬೇಕಿತ್ತು. ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯದ ಮಂದ್ರ ಸ್ವರಗಳು ಅದರಲ್ಲಿ ಸರಿಯಾಗಿ ಹಿಡಿಯುತ್ತಿರಲಿಲ್ಲ, ಅದರ ಬದಲು ಟ್ಯೂಬಾ ಊದಿಸುವುದು ರೂಢಿಯಾಗಿತ್ತು. ಸಿಂಫನಿಯನ್ನು ಸಿಂಫನಿಯಾಗಿಯೇ ಕೇಳಿಸಬೇಕೆಂದರೆ ವಾದಕರನ್ನು ಕರೆಸಿ ಮೈಕಿನ ಮುಂದೆ ಕೂರಿಸಿ ನೇರವಾಗಿ ಪ್ರಸಾರ ಮಾಡುವುದೊಂದೇ ದಾರಿ.

ಮುಂದೆ ತಟ್ಟೆಗಳು ಸುಧಾರಿಸಿದವು. ಆಗ ಇನ್ನೊಂದು ಬೇಲಿ ಬಿತ್ತು. ರೇಡಿಯೊ ದಿನವಿಡೀ ರೆಕಾರ್ಡ್ ಹಾಕಿದರೆ ರೆಕಾರ್ಡು ಕೊಳ್ಳುವವರು ಯಾರು ಎಂಬ ಆತಂಕ ಕಂಪನಿಗಳಿಗೆ, ನಮ್ಮನ್ನು ಕೆಲಸಕ್ಕೆ ಕರೆಯುವವರು ಯಾರು ಎಂಬ ಆತಂಕ ವಾದಕರ ಸಂಘಕ್ಕೆ. ಬಿಬಿಸಿ ಎಷ್ಟು ಗಂಟೆ ರೆಕಾರ್ಡ್ ಹಾಕಬಹುದು ಎಂಬುದಕ್ಕೆ ಒಪ್ಪಂದದ ಮಿತಿ ಬಂತು. ‘ನೀಡಲ್ ಟೈಮ್’ ಎಂದು ಕರೆಯುತ್ತಿದ್ದ ಈ ಕಟ್ಟುಪಾಡು ತೆಗೆದುಹೋದದ್ದು 1988ರಲ್ಲಿ. ಅಷ್ಟು ಕಾಲ ಪ್ರಸಾರದ ಉಳಿದ ಹೊತ್ತನ್ನು ತುಂಬಲು ಬಿಬಿಸಿಗೆ ತನ್ನದೇ ವಾದಕರು ಬೇಕೇ ಬೇಕಿತ್ತು.

ಆದರೆ ಹೊತ್ತು ತುಂಬುವುದಷ್ಟೇ ಗುರಿಯಾಗಿದ್ದರೆ ಮೂವತ್ತು ಜನರ ತಂಡ ಸಾಕಿತ್ತು. ಮೊದಲ ಎಂಟು ವರ್ಷ ಬಿಬಿಸಿ ಹಾಗೆಯೇ ನಡೆಸಿತು. ಲಂಡನ್ನಿನ ಸವಾಯ್ ಹಿಲ್ ಎಂಬಲ್ಲಿ ದಪ್ಪ ಪರದೆ ಇಳಿಬಿಟ್ಟ ಸ್ಟುಡಿಯೊಗಳು. ಪರ್ಸಿ ಪಿಟ್ ಎಂಬ ಒಪೆರಾ ಅನುಭವಿಯ ಕೈಯಲ್ಲಿ ಸಂಗೀತ ವಿಭಾಗ. ಇಪ್ಪತ್ತರ ಆಸುಪಾಸಿನ ‘ವೈರ್‌ಲೆಸ್ ಆರ್ಕೆಸ್ಟ್ರಾ’. ದೊಡ್ಡ ಕೃತಿ ನುಡಿಸಬೇಕಾದಾಗ ಹೊರಗಿನಿಂದ ಬಾಡಿಗೆಗೆ ವಾದಕರು. ಅದನ್ನು 114 ಜನರವರೆಗೆ ಬೆಳೆಸುವಂತೆ ಮಾಡಿದ ಕಾರಣ ರೇಡಿಯೊದಲ್ಲಿರಲಿಲ್ಲ, ಲಂಡನ್ನಿನ ಸಂಗೀತ ಕಚೇರಿಗಳ ಲೋಕದಲ್ಲಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ರೇಡಿಯೊ ವಾದ್ಯವೃಂದದ ಗುಟ್ಟು ಇರುವುದೇ ಇಲ್ಲಿ.

ಆ ಕಾಲದ ಲಂಡನ್ನಿನಲ್ಲಿ ವಾದಕರಿಗೆ ತಿಂಗಳ ಸಂಬಳವೆಂಬುದಿರಲಿಲ್ಲ. ಕಚೇರಿಗಿಷ್ಟು ಎಂಬ ದುಡ್ಡು. ಒಂದು ಕಚೇರಿಗೆ ಒಪ್ಪಿಕೊಂಡ ಮೇಲೆ ಇನ್ನೆಲ್ಲೋ ಹೆಚ್ಚು ದುಡ್ಡಿನ ಕೆಲಸ ಸಿಕ್ಕರೆ ವಾದಕ ತನ್ನ ಬದಲು ಇನ್ನೊಬ್ಬನನ್ನು ಕಳಿಸಬಹುದಿತ್ತು. ಆ ಇನ್ನೊಬ್ಬನಿಗೂ ಬೇರೆ ಕೆಲಸ ಸಿಕ್ಕರೆ ಮೂರನೆಯವನು ಬರುತ್ತಿದ್ದ. ಸೋಮವಾರದ ತಾಲೀಮಿನಲ್ಲಿ ಪಿಟೀಲು ಹಿಡಿದಿದ್ದವನು ಬುಧವಾರದ ಕಚೇರಿಯಲ್ಲಿ ಇರುತ್ತಾನೆ ಎಂಬ ಖಾತರಿ ಕಂಡಕ್ಟರಿಗೆ, ಅಂದರೆ ಮುಂದೆ ನಿಂತು ವಾದ್ಯವೃಂದವನ್ನು ನಡೆಸುವವನಿಗೆ, ಇರಲಿಲ್ಲ. 1904ರಲ್ಲಿ ಕ್ವೀನ್ಸ್ ಹಾಲ್ ಎಂಬ ಸಭಾಂಗಣದ ವಾದ್ಯವೃಂದದಲ್ಲಿ ಈ ಬದಲಿ ಪದ್ಧತಿ ಇನ್ನು ನಡೆಯದು ಎಂದು ಕಂಡಕ್ಟರ್ ಹೆನ್ರಿ ವುಡ್ ಮತ್ತು ವ್ಯವಸ್ಥಾಪಕ ರಾಬರ್ಟ್ ನ್ಯೂಮನ್ ಕಟ್ಟಪ್ಪಣೆ ಮಾಡಿದಾಗ ಸುಮಾರು ನಲವತ್ತು ವಾದಕರು ಎದ್ದುಹೋಗಿ ತಮ್ಮದೇ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು. ಅವರನ್ನು ದೂರುವುದು ಸುಲಭ. ನಾಳೆಯ ಅನ್ನದ ಖಾತರಿಯಿಲ್ಲದವನು ಇವತ್ತು ಹೆಚ್ಚು ಕೊಡುವವನ ಕಡೆ ಹೋಗದೆ ಏನು ಮಾಡಿಯಾನು?

ಲಂಡನ್ನಿಗೆ ತನ್ನ ಕೊರತೆ ಕಿವಿಗೇ ತಟ್ಟಿದ್ದು 1927ರ ಡಿಸೆಂಬರಿನಲ್ಲಿ. ಬರ್ಲಿನ್ ಫಿಲ್‌ಹಾರ್ಮೊನಿಕ್ ವಾದ್ಯವೃಂದ ಫುರ್ಟ್‌ವೆಂಗ್ಲರ್‌ನ ನೇತೃತ್ವದಲ್ಲಿ ಅಲ್ಲಿಗೆ ಬಂದು ನುಡಿಸಿತು. ವರ್ಷಗಟ್ಟಲೆ ಒಟ್ಟಿಗೆ ಕೂತು ನುಡಿಸಿದವರ ಬಿಲ್ಲು ಒಂದೇ ಉಸಿರಿನಲ್ಲಿ ಎದ್ದು ಒಂದೇ ಉಸಿರಿನಲ್ಲಿ ಇಳಿಯುವುದನ್ನು ಕೇಳಿದ ವಿಮರ್ಶಕರು ನಮ್ಮಲ್ಲೇಕೆ ಇಂಥದ್ದಿಲ್ಲ ಎಂದು ಬರೆಯತೊಡಗಿದರು. ಉತ್ತರ ಎಲ್ಲರಿಗೂ ಗೊತ್ತಿತ್ತು: ಅಷ್ಟು ಜನರಿಗೆ ವರ್ಷವಿಡೀ ಸಂಬಳ ಕೊಡುವ ತಾಕತ್ತು ಯಾವ ಕಚೇರಿ ಸಂಘಟಕನಿಗೂ ಇರಲಿಲ್ಲ.

ಬಿಬಿಸಿಗೆ ಇತ್ತು. ಬ್ರಿಟನ್ನಿನಲ್ಲಿ ರೇಡಿಯೊ ಇಟ್ಟುಕೊಂಡ ಪ್ರತಿ ಮನೆಯೂ ಅಂಚೆ ಕಚೇರಿಯಲ್ಲಿ ವರ್ಷಕ್ಕೆ 10 ಶಿಲಿಂಗ್ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು. ನಮ್ಮಲ್ಲೂ 1980ರ ದಶಕದವರೆಗೆ ಅಂಚೆ ಕಚೇರಿಯ ಆ ಲೈಸೆನ್ಸ್ ಪುಸ್ತಕ ಇತ್ತು, ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಬಿಬಿಸಿಯು ಖಾಸಗಿ ಕಂಪನಿಯಿಂದ ಸಾರ್ವಜನಿಕ ನಿಗಮವಾದ 1927ರ ಹೊತ್ತಿಗೆ ಇಂಥ ಲೈಸೆನ್ಸ್‌ಗಳು 20 ಲಕ್ಷ ದಾಟಿದ್ದವು. 1939ರ ಹೊತ್ತಿಗೆ ಸುಮಾರು 90 ಲಕ್ಷ. ಒಬ್ಬ ಗಣಿ ಕಾರ್ಮಿಕನ ಹತ್ತು ಶಿಲಿಂಗಿನಲ್ಲಿ ಒಂದು ಚೂರು ಪಿಟೀಲು ನುಡಿಸುವವನ ಸಂಬಳವಾಗಿ ಹೋಗುತ್ತಿತ್ತು. ಆ ಕಾರ್ಮಿಕ ಕ್ವೀನ್ಸ್ ಹಾಲಿನ ಮೆಟ್ಟಿಲು ತುಳಿಯದೆಯೂ ಅದೇ ಕಚೇರಿಯನ್ನು ಅದೇ ಕ್ಷಣದಲ್ಲಿ ಕೇಳುತ್ತಿದ್ದ. ರೇಡಿಯೊ ವಾದ್ಯವೃಂದದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ವ್ಯವಸ್ಥೆ. ಬಿಬಿಸಿಯ ಮುಖ್ಯಸ್ಥ ಜಾನ್ ರೀತ್ ಕಠಿಣ ಸ್ವಭಾವದವನು, ಜನ ಕೇಳಿದ್ದನ್ನಷ್ಟೇ ಕೊಡುವುದಕ್ಕೆ ಒಪ್ಪದವನು. ಅತ್ಯುತ್ತಮವಾದದ್ದು ಎಲ್ಲರ ಮನೆಗೂ ತಲುಪಬೇಕು ಎಂಬ ಅವನ ಹಠವಿಲ್ಲದಿದ್ದರೆ ಈ ಹಣ ಇನ್ನೆಲ್ಲಿಗೋ ಹೋಗಿಬಿಡುತ್ತಿತ್ತು.

ಕಚೇರಿ ಲೋಕ ಇದನ್ನು ಸಂತೋಷದಿಂದ ಬರಮಾಡಿಕೊಳ್ಳಲಿಲ್ಲ. ಮನೆಯಲ್ಲೇ ಸಂಗೀತ ಸಿಕ್ಕರೆ ಟಿಕೆಟ್ ಕೊಳ್ಳುವವರಿರುವುದಿಲ್ಲ ಎಂಬ ಭಯ. ಕ್ವೀನ್ಸ್ ಹಾಲ್ ನಡೆಸುತ್ತಿದ್ದ ಚಾಪೆಲ್ ಕಂಪನಿಯ ವಿಲಿಯಂ ಬೂಸಿ ಬಿಬಿಸಿಯ ಮೈಕನ್ನು ಒಳಗೆ ಬಿಡದೆ ವರ್ಷಗಟ್ಟಲೆ ತಡೆದ. ಕೊನೆಗೆ 1927ರಲ್ಲಿ ಅದೇ ಕಂಪನಿ ನಷ್ಟ ತಾಳಲಾರದೆ ಪ್ರಾಮ್ಸ್ ಕಚೇರಿಗಳ ಕೈ ಬಿಟ್ಟಾಗ ಅವುಗಳನ್ನು ಎತ್ತಿ ಹಿಡಿದದ್ದು ಬಿಬಿಸಿ. 1895ರಿಂದ ನಡೆದುಬಂದಿದ್ದ, ಕಡಿಮೆ ದುಡ್ಡಿಗೆ ನಿಂತು ಕೇಳಬಹುದಾದ ಆ ಬೇಸಿಗೆ ಕಚೇರಿ ಸರಣಿ ಇವತ್ತಿಗೂ ಬದುಕಿರುವುದಕ್ಕೆ ರೇಡಿಯೊ ಕಾರಣ.

ಹೊಸ ವಾದ್ಯವೃಂದ ಕಟ್ಟುವ ಮಾತುಕತೆ ಮೊದಲು ನಡೆದದ್ದು ಥಾಮಸ್ ಬೀಚಮ್ ಜೊತೆ. ಅವನು ಮಹಾ ಪ್ರತಿಭಾವಂತ, ಯಾರ ಅಂಕೆಗೂ ಸಿಗದವನು. ಎರಡು ವರ್ಷ ಎಳೆದಾಡಿ ಅದು ಮುರಿಯಿತು. (ಅವನು 1932ರಲ್ಲಿ ಲಂಡನ್ ಫಿಲ್‌ಹಾರ್ಮೊನಿಕ್ ಕಟ್ಟಿದ.) ಬಿಬಿಸಿಗೆ ಸಿಕ್ಕವನು ಬರ್ಮಿಂಗ್‌ಹ್ಯಾಮಿನಿಂದ ಬಂದ ಏಡ್ರಿಯನ್ ಬೌಲ್ಟ್. ಎತ್ತರದ, ನೆಟ್ಟನೆಯ ಆಳು, ಉದ್ದ ಕೋಲು, ಅಬ್ಬರವಿಲ್ಲದ ಕೈ. ವೇದಿಕೆಯ ಮೇಲೆ ಕುಣಿಯದ ಕಂಡಕ್ಟರ್ ಕಣ್ಣಿಗೆ ಕಾಣದ ಮಾಧ್ಯಮಕ್ಕೆ ಹೇಳಿ ಮಾಡಿಸಿದಂತಿದ್ದ. ವಾದಕರನ್ನು ಲಂಡನ್ನಿನಿಂದ ಮಾತ್ರವಲ್ಲ, ಇಡೀ ದೇಶದಿಂದ ಆರಿಸಿದರು. ಮುಖ್ಯ ಪಿಟೀಲಿಗೆ ಹಿಂದೆ ಮ್ಯಾಂಚೆಸ್ಟರಿನ ಹಾಲೆ ವಾದ್ಯವೃಂದದ ಮುಂದಾಳಾಗಿದ್ದ ಆರ್ಥರ್ ಕ್ಯಾಟರಾಲ್, ಹಾರ್ನ್‌ಗೆ ಓಬ್ರಿ ಬ್ರೇನ್.

1930ರ ಅಕ್ಟೋಬರ್ 22ರಂದು ಕ್ವೀನ್ಸ್ ಹಾಲಿನಲ್ಲಿ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾದ ಮೊದಲ ಕಚೇರಿ. ವಾಗ್ನರ್‌ನ ‘ಫ್ಲೈಯಿಂಗ್ ಡಚ್‌ಮನ್’ ಪೀಠಿಕೆ, ಪೋರ್ಚುಗಲ್ಲಿನ ಗಿಲ್ಯೆರ್ಮಿನಾ ಸುಜಿಯಾ ಚೆಲ್ಲೊ ನುಡಿಸಿದ ಸ್ಯಾಂ-ಸಾನ್ಸ್ ಕಾನ್ಸರ್ಟೊ (ಒಂದು ವಾದ್ಯ ಮುಂದೆ, ವಾದ್ಯವೃಂದ ಜೊತೆಗೆ ಇರುವ ಕೃತಿ), ಬ್ರಾಮ್ಸ್‌ನ ನಾಲ್ಕನೇ ಸಿಂಫನಿ, ರವೆಲ್‌ನ ‘ಡಾಫ್ನಿಸ್ ಎ ಕ್ಲೊಯೆ’ಯ ಎರಡನೇ ಸೂಟ್ (ದೊಡ್ಡ ಕೃತಿಯಿಂದ ಆಯ್ದ ಭಾಗಗಳ ಗುಚ್ಛ). ಪಟ್ಟಿಯ ಜಾಣ್ಮೆ ನೋಡಿ: ಬ್ರಾಮ್ಸ್‌ನಲ್ಲಿ ಹದ ಗೊತ್ತಾಗುತ್ತದೆ, ರವೆಲ್‌ನಲ್ಲಿ ಒಬ್ಬೊಬ್ಬ ವಾದಕನ ಕೈಚಳಕ ಬಯಲಿಗೆ ಬರುತ್ತದೆ. ಮೂರು ವರ್ಷಗಳ ಕೊರಗು ತೀರಿತು ಎಂಬಂತೆ ಪತ್ರಿಕೆಗಳು ಹೊಗಳಿದವು.

114 ಜನ ದಿನವೂ ಒಟ್ಟಿಗೇ ನುಡಿಸುತ್ತಿರಲಿಲ್ಲ. ಅದೇ ಬಳಗವನ್ನು ಬೇಕಾದಂತೆ ಸಣ್ಣ ವಾದ್ಯವೃಂದಗಳಾಗಿ ಒಡೆಯುವ ಏರ್ಪಾಡಿತ್ತು. ದೊಡ್ಡ ಸಿಂಫನಿಗೆ ಪೂರ್ಣ ತಂಡ, ಮೊಜಾರ್ಟ್‌ಗೆ ಸಣ್ಣದು, ನಾಟಕಕ್ಕೆ ಹಿನ್ನೆಲೆ ಬೇಕಾದರೆ ಇನ್ನೊಂದು. ಆಕಾಶವಾಣಿಯ ನಿಲಯದ ಕಲಾವಿದರನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ: ಬೆಳಿಗ್ಗೆ ಒಂದು ರೂಪಕ, ಮಧ್ಯಾಹ್ನ ಇನ್ನೊಬ್ಬರಿಗೆ ಪಕ್ಕವಾದ್ಯ, ಸಂಜೆ ಭಾವಗೀತೆಯ ಮುದ್ರಣ. ಯಾವ ಹಾಳೆ ಮುಂದಿಟ್ಟರೂ ನೋಡಿದೊಡನೆ ನುಡಿಸುವ ಅಭ್ಯಾಸ ಅಲ್ಲಿ ಹುಟ್ಟುತ್ತದೆ. ಬಿಬಿಸಿ ವಾದಕರ ಈ ಸಾಮರ್ಥ್ಯವನ್ನು ಬಂದುಹೋದ ಕಂಡಕ್ಟರುಗಳೆಲ್ಲ ಬೆರಗಿನಿಂದ ನೋಡಿದ್ದಾರೆ. 1935ರಲ್ಲಿ ಇಟಲಿಯ ಪ್ರಸಿದ್ಧ ಕಂಡಕ್ಟರ್ ಟೊಸ್ಕನೀನಿ ಬಂದ. ವಾದಕರ ಮೇಲೆ ಸಿಡಿದೇಳುವುದಕ್ಕೆ ಹೆಸರಾದ ಅವನು ಈ ತಂಡವನ್ನು ಮೆಚ್ಚಿ ಯುದ್ಧದವರೆಗೂ ಮತ್ತೆ ಮತ್ತೆ ಬಂದ.

ಸಂಸ್ಥೆಯ ಹೊಸ ಕಟ್ಟಡ ಬ್ರಾಡ್‌ಕಾಸ್ಟಿಂಗ್ ಹೌಸ್ 1932ರಲ್ಲಿ ಸಿದ್ಧವಾದಾಗ ಅದರ ಕಚೇರಿ ಸಭಾಂಗಣ ಪೂರ್ಣ ವಾದ್ಯವೃಂದಕ್ಕೆ ಚಿಕ್ಕದಾಯಿತು. ಮೇಡಾ ವೇಲ್ ಎಂಬಲ್ಲಿ 1909ರಲ್ಲಿ ಕಟ್ಟಿದ್ದ ಸ್ಕೇಟಿಂಗ್ ಅಂಗಳವೊಂದನ್ನು ಕೊಂಡು ಸ್ಟುಡಿಯೊ ಮಾಡಿಕೊಂಡರು. 1934ರಿಂದ ಅದೇ ಈ ವಾದ್ಯವೃಂದದ ಮನೆಯಾಯಿತು.

ಈಗ ತಿರುಳಿಗೆ ಬರುತ್ತೇನೆ. ಸಂಬಳವಿದೆ, ಅದೇ ಜನ ದಿನಾ ಒಟ್ಟಿಗೆ ಕೂರುತ್ತಾರೆ, ಸಂಜೆಯ ಟಿಕೆಟ್ ಮಾರಾಟದ ಹಂಗಿಲ್ಲ. ಅಂಥ ವಾದ್ಯವೃಂದ ಏನು ಮಾಡಬಹುದು? ಬೇರೆ ಯಾರೂ ನುಡಿಸಲಾಗದ್ದನ್ನು ನುಡಿಸಬಹುದು. ಹೊಸ ಕೃತಿಗೆ ಹತ್ತು ತಾಲೀಮು ಬೇಕಾದರೆ ಖಾಸಗಿ ಸಂಘಟಕ ಲೆಕ್ಕ ಹಾಕಿ ಬೀಥೋವನ್‌ಗೇ ಮರಳುತ್ತಾನೆ. ಬಿಬಿಸಿಯ ಕಾರ್ಯಕ್ರಮಗಳನ್ನು ಯೋಜಿಸುತ್ತಿದ್ದ ಎಡ್ವರ್ಡ್ ಕ್ಲಾರ್ಕ್ ಹಿಂದೆ ಬರ್ಲಿನ್ನಿನಲ್ಲಿ ಹೊಸ ಸಂಗೀತದ ಮುಂದಾಳು ಶೋನ್‌ಬರ್ಗ್‌ನ ಶಿಷ್ಯನಾಗಿದ್ದವನು. ಯೂರೋಪಿನ ಹೊಸ ಸಂಗೀತಗಾರರೆಲ್ಲ ಅವನಿಗೆ ಪರಿಚಯ. ಅವನಿಂದಾಗಿ 1934ರ ಮಾರ್ಚ್ 14ರಂದು ಆಲ್ಬನ್ ಬರ್ಗ್‌ನ ‘ವೊಟ್ಸೆಕ್’ ಒಪೆರಾವನ್ನು ಬೌಲ್ಟ್ ಇಡಿಯಾಗಿ ಕಚೇರಿ ರೂಪದಲ್ಲಿ ನುಡಿಸಿದ. ಅದೇ ವರ್ಷದ ಮೇ ತಿಂಗಳಲ್ಲಿ ಬಾರ್ಟೋಕ್‌ನ ‘ಕಂಟಾಟ ಪ್ರೊಫಾನ’ ಜಗತ್ತಿನಲ್ಲೇ ಮೊದಲ ಸಲ ಕೇಳಿದ್ದು ಲಂಡನ್ನಿನಲ್ಲಿ, ಈ ವಾದ್ಯವೃಂದದಿಂದ. 1935ರ ಏಪ್ರಿಲ್‌ನಲ್ಲಿ ವಾನ್ ವಿಲಿಯಮ್ಸ್‌ನ ನಾಲ್ಕನೇ ಸಿಂಫನಿ.

ಬರ್ಗ್‌ನ ಪಿಟೀಲು ಕಾನ್ಸರ್ಟೊದ ಕಥೆ ಈ ಮಾತಿಗೆ ಒಳ್ಳೆಯ ಸಾಕ್ಷಿ. 1935ರ ಡಿಸೆಂಬರಿನಲ್ಲಿ ಬರ್ಗ್ ತೀರಿಕೊಂಡ. ಅವನ ಕೊನೆಯ ಆ ಪೂರ್ಣ ಕೃತಿಯ ಮೊದಲ ಪ್ರದರ್ಶನ ಮರುವರ್ಷದ ಏಪ್ರಿಲ್‌ನಲ್ಲಿ ಬಾರ್ಸಿಲೋನದಲ್ಲಿ. ಕಂಡಕ್ಟರ್ ಆಗಬೇಕಿದ್ದವನು ಬರ್ಗ್‌ನ ಪ್ರಾಣಸ್ನೇಹಿತ ಆಂಟನ್ ವೇಬರ್ನ್. ದುಃಖ ತುಂಬಿದವನು, ಒಂದೊಂದು ಸ್ವರಕ್ಕೂ ನಿಲ್ಲುವವನು. ಪರಿಚಯವಿಲ್ಲದ ವಾದ್ಯವೃಂದ, ಭಾಷೆ ಗೊತ್ತಿಲ್ಲ, ತಾಲೀಮಿನ ಹೊತ್ತೆಲ್ಲ ಮೊದಲ ಕೆಲವು ಆವರ್ತಗಳಲ್ಲೇ ಕಳೆದುಹೋಯಿತು. ಅವನು ಹಿಂದೆ ಸರಿದ, ಹರ್ಮನ್ ಶೆರ್ಶೆನ್ ಆ ಕಚೇರಿ ನಡೆಸಿಕೊಟ್ಟ. ಹನ್ನೆರಡು ದಿನಗಳ ನಂತರ, ಮೇ 1ರಂದು ಅದೇ ವೇಬರ್ನ್ ಲಂಡನ್ನಿನಲ್ಲಿ ಬಿಬಿಸಿ ವಾದಕರ ಮುಂದೆ ನಿಂತು ಪಿಟೀಲುವಾದಕ ಲೂಯಿಸ್ ಕ್ರಾಸ್ನರ್ ಜೊತೆ ಆ ಕೃತಿಯನ್ನು ನಡೆಸಿದ. ಈ ವಾದಕರಿಗೆ ವೇಬರ್ನ್‌ನ ರೀತಿ ಮೊದಲೇ ಗೊತ್ತಿತ್ತು, ಅವನು ಹಿಂದೆಯೂ ಹಲವು ಸಲ ಬಂದಿದ್ದ. ಪ್ರಸಾರದ ಧ್ವನಿಮುದ್ರಿಕೆ ಉಳಿದಿದೆ. ತಟ್ಟೆ ಸವೆದ ಗೊರಗೊರ ಸದ್ದಿನ ಹಿಂದಿನಿಂದ ಬರುವ ಆ ನುಡಿಸಾಣಿಕೆಯಷ್ಟು ಮನಸ್ಸನ್ನು ಹಿಂಡುವ ಇನ್ನೊಂದು ಮುದ್ರಿಕೆ ನನಗೆ ಗೊತ್ತಿಲ್ಲ.

ಅದೇ 1936ರ ಜನವರಿ 20ರ ರಾತ್ರಿ ದೊರೆ ಐದನೇ ಜಾರ್ಜ್ ತೀರಿಕೊಂಡ. ಜರ್ಮನಿಯ ಸಂಗೀತಗಾರ ಪೌಲ್ ಹಿಂಡೆಮಿತ್ ತನ್ನ ವಿಯೋಲ (ಪಿಟೀಲಿಗಿಂತ ತುಸು ದೊಡ್ಡ ತಂತಿವಾದ್ಯ) ಕಾನ್ಸರ್ಟೊ ನುಡಿಸಲೆಂದು ಲಂಡನ್ನಿಗೆ ಬಂದಿದ್ದ, ಆ ಕಚೇರಿ ರದ್ದಾಯಿತು. ಶೋಕದ ಹೊತ್ತಿಗೆ ಒಪ್ಪುವ, ವಿಯೋಲಕ್ಕೆ ಸಲ್ಲುವ ಕೃತಿ ಯಾವುದಿದೆ ಎಂದು ಬೌಲ್ಟ್, ಕ್ಲಾರ್ಕ್ ಮತ್ತು ಹಿಂಡೆಮಿತ್ ಹುಡುಕಿದರು, ಸಿಗಲಿಲ್ಲ. ಮರುದಿನ ಬೆಳಿಗ್ಗೆ 11 ಗಂಟೆಗೆ ಬಿಬಿಸಿಯ ಒಂದು ಕೋಣೆಯಲ್ಲಿ ಹಿಂಡೆಮಿತ್ ಬರೆಯಲು ಕೂತ. ಸಂಜೆ 5ಕ್ಕೆ ವಿಯೋಲ ಮತ್ತು ತಂತಿವಾದ್ಯಗಳಿಗೆ ‘ಟ್ರಾವರ್‌ಮುಸೀಕ್’, ಶೋಕಸಂಗೀತ, ಸಿದ್ಧವಾಗಿತ್ತು. ಅವನೇ ವಿಯೋಲ ನುಡಿಸಿದ, ಬೌಲ್ಟ್ ನಡೆಸಿದ, ಸ್ಟುಡಿಯೊದಿಂದ ನೇರವಾಗಿ ದೇಶಕ್ಕೆಲ್ಲ ಪ್ರಸಾರವಾಯಿತು. ಆರು ಗಂಟೆಗಳಲ್ಲಿ ಹುಟ್ಟಿದ ಆ ಎಂಟು ನಿಮಿಷದ ಕೃತಿ ಇಂದಿಗೂ ವಿಯೋಲ ವಾದಕರ ನಿತ್ಯದ ಪಾಠ. ಬರೆದವನ ಪ್ರತಿಭೆ ದೊಡ್ಡದು, ಸರಿ. ಆದರೆ ಶಾಯಿ ಆರುವ ಮೊದಲೇ ನುಡಿಸಲು ಒಂದು ತಂಡ ಅಲ್ಲೇ ಕೆಲಸದ ಮೇಲೆ ಇದ್ದದ್ದರಿಂದಲ್ಲವೇ ಅದು ಕೃತಿಯಾದದ್ದು?

ಯುದ್ಧದ ವರ್ಷಗಳು ಕಠಿಣ. 1939ರ ಸೆಪ್ಟೆಂಬರಿನಲ್ಲಿ ವಾದ್ಯವೃಂದ ಬ್ರಿಸ್ಟಲ್ಲಿಗೆ ಹೋಯಿತು. ಕಿರಿಯ ವಾದಕರು ಸೈನ್ಯಕ್ಕೆ ಹೋದರು. ಬ್ರಿಸ್ಟಲ್ ಮೇಲೂ ಬಾಂಬು ಬೀಳತೊಡಗಿದಾಗ 1941ರಲ್ಲಿ ಬೆಡ್‌ಫರ್ಡ್ ಎಂಬ ಸಣ್ಣ ಊರಿಗೆ. ಅದೇ ವರ್ಷದ ಮೇ 10ರ ರಾತ್ರಿಯ ದಾಳಿಯಲ್ಲಿ ಕ್ವೀನ್ಸ್ ಹಾಲ್ ಸುಟ್ಟುಹೋಯಿತು. ಲಂಡನ್ನಿನ ಅತ್ಯುತ್ತಮ ಶ್ರವಣಗುಣದ ಸಭಾಂಗಣ ಅದು, ಮತ್ತೆ ಕಟ್ಟಲೇ ಇಲ್ಲ. ಬೆಡ್‌ಫರ್ಡಿನ ಕಾರ್ನ್ ಎಕ್ಸ್‌ಚೇಂಜ್ ಎಂಬ ಧಾನ್ಯ ವ್ಯಾಪಾರದ ಕಟ್ಟಡ ಪ್ರಸಾರದ ಸಭಾಂಗಣವಾಯಿತು. ಪ್ರಾಮ್ಸ್ ಸರಣಿಯ ಜನಕ ಹೆನ್ರಿ ವುಡ್ 1944ರ ಜುಲೈ 28ರಂದು ಬೀಥೋವನ್‌ನ ಏಳನೇ ಸಿಂಫನಿಯನ್ನು ನಡೆಸಿ ತನ್ನ ಕೊನೆಯ ಕಚೇರಿ ಮುಗಿಸಿದ್ದು ಅಲ್ಲೇ. ಮೂರು ವಾರದಲ್ಲಿ ಅವನೂ ಹೋದ.

ಅಲ್ಲಿಂದ ಮುಂದಿನ ದಶಕಗಳನ್ನು ಬೇಗ ಹೇಳಿಬಿಡುತ್ತೇನೆ. ಅರವತ್ತು ತುಂಬಿದ ಬೌಲ್ಟ್‌ನನ್ನು 1950ರಲ್ಲಿ ನಿವೃತ್ತಿಯ ನಿಯಮ ತೋರಿಸಿ ಕಳಿಸಿಬಿಟ್ಟರು. ಇಪ್ಪತ್ತು ವರ್ಷ ಕಟ್ಟಿದವನಿಗೆ ತೋರಿದ ಈ ಅನಾದರವನ್ನು ಬಿಬಿಸಿಯ ಚರಿತ್ರೆಯಿಂದ ಅಳಿಸಲಾಗದು. ನಂತರ ಬಂದ ಮಾಲ್ಕಂ ಸಾರ್ಜೆಂಟ್ ಶ್ರೋತೃಗಳಿಗೆ ಅಚ್ಚುಮೆಚ್ಚು, ವಾದಕರಿಗೆ ಅಲ್ಲ. 1936ರಲ್ಲೇ ಅವನು ಪತ್ರಿಕೆಯೊಂದಕ್ಕೆ, ವಾದಕರಿಗೆ ಜೀವನಪೂರ್ತಿ ನೌಕರಿ, ಪಿಂಚಣಿ ಎಂಬುದೆಲ್ಲ ಬೇಡ ಎಂಬ ಅರ್ಥದ ಮಾತಾಡಿದ್ದ. ಅದನ್ನು ಅವರು ಮರೆಯಲಿಲ್ಲ. ಆಶ್ವಿತ್ಸ್ ಶಿಬಿರದಿಂದ ಬದುಕಿ ಬಂದ ರುಡಾಲ್ಫ್ ಶ್ವಾರ್ಟ್ಸ್ 1957ರಿಂದ 1962ರವರೆಗೆ. ಅಷ್ಟರಲ್ಲಿ, 1959ರಲ್ಲಿ, ವಿಲಿಯಂ ಗ್ಲಾಕ್ ಸಂಗೀತ ವಿಭಾಗದ ಮುಖ್ಯಸ್ಥನಾಗಿ ಬಂದು ಮಂಕಾಗಿದ್ದ ಹೊಸ ಸಂಗೀತದ ದೀಪವನ್ನು ಮತ್ತೆ ಹೊತ್ತಿಸಿದ. ಅವನು ಕರೆತಂದ ಪಿಯರ್ ಬುಲೆಜ್ 1967ರಲ್ಲಿ ಇದೇ ತಂಡದೊಂದಿಗೆ ಮಾಸ್ಕೊ, ಲೆನಿನ್‌ಗ್ರಾಡ್‌ಗಳಲ್ಲಿ ವೇಬರ್ನ್, ಬರ್ಗ್ ನುಡಿಸಿದ. ಸೋವಿಯತ್ ಸರ್ಕಾರ ದಶಕಗಳಿಂದ ದೂರವಿಟ್ಟಿದ್ದ ಸಂಗೀತ ಅದು. 1971ರಿಂದ 75ರವರೆಗೆ ಬುಲೆಜ್ ಮುಖ್ಯ ಕಂಡಕ್ಟರ್. ಆಮೇಲೆ ರೊಜ್ಡೆಸ್ಟ್‌ವೆನ್ಸ್‌ಕಿ, ಪ್ರಿಚರ್ಡ್, ಆಂಡ್ರ್ಯೂ ಡೇವಿಸ್, ಸ್ಲ್ಯಾಟ್‌ಕಿನ್, ಬೆಲೊಹ್ಲಾವೆಕ್. 2013ರಿಂದ ಫಿನ್‌ಲ್ಯಾಂಡಿನ ಸಕಾರಿ ಒರಾಮೊ.

ಇಷ್ಟೆಲ್ಲ ಹೇಳಿದ ಮೇಲೆ ಇದರ ದೌರ್ಬಲ್ಯವನ್ನೂ ಹೇಳಬೇಕು. ಸಂಬಳ ಕೊಡುವವನು ಒಬ್ಬನೇ ಆಗಿರುವುದರಿಂದ, ಆ ಒಬ್ಬನ ಮನಸ್ಸು ಬದಲಾದರೆ ಎಲ್ಲವೂ ಮುಗಿಯಿತು. ಅಮೆರಿಕದ ಎನ್‌ಬಿಸಿ ಎಂಬ ಖಾಸಗಿ ಪ್ರಸಾರ ಕಂಪನಿಯನ್ನು ನೋಡಿ. ಅದರ ಮಾತೃಸಂಸ್ಥೆಯ ಮುಖ್ಯಸ್ಥ ಡೇವಿಡ್ ಸಾರ್ನೊಫ್ ಟೊಸ್ಕನೀನಿಗಾಗಿಯೇ 1937ರಲ್ಲಿ ಎನ್‌ಬಿಸಿ ಸಿಂಫನಿ ಕಟ್ಟಿದ. ರಾಕ್‌ಫೆಲ್ಲರ್ ಸೆಂಟರಿನ ಸ್ಟುಡಿಯೊದಿಂದ ಅವರ ಪ್ರಸಾರವನ್ನು ಲಕ್ಷಾಂತರ ಜನ ಕೇಳಿದರು. 1954ರ ಏಪ್ರಿಲ್ 4ರಂದು ವಯಸ್ಸಾದ ಟೊಸ್ಕನೀನಿ ಕೊನೆಯ ಕಚೇರಿ ಮಾಡಿದ. ಕಂಪನಿ ವಾದ್ಯವೃಂದವನ್ನೇ ಬರಖಾಸ್ತು ಮಾಡಿತು. ವಾದಕರು ‘ಸಿಂಫನಿ ಆಫ್ ದಿ ಏರ್’ ಎಂಬ ಹೆಸರಿನಲ್ಲಿ 1963ರವರೆಗೆ ತಾವೇ ಎಳೆದರು, ಆಮೇಲೆ ಅದೂ ನಿಂತಿತು. ಒಬ್ಬ ವ್ಯಕ್ತಿಗಾಗಿ, ಜಾಹೀರಾತಿನ ದುಡ್ಡಿನಲ್ಲಿ ಕಟ್ಟಿದ್ದು ಆ ವ್ಯಕ್ತಿಯೊಂದಿಗೇ ಹೋಯಿತು.

ಇಲ್ಲಿ ನಮ್ಮ ಮೈಸೂರಿನದೊಂದು ಕೊಂಡಿಯಿದೆ. 1945ರಲ್ಲಿ ರೆಕಾರ್ಡಿಂಗ್ ಕಂಪನಿಯ ವಾಲ್ಟರ್ ಲೆಗ್ ಲಂಡನ್ನಿನಲ್ಲಿ ಫಿಲ್‌ಹಾರ್ಮೊನಿಯ ವಾದ್ಯವೃಂದ ಕಟ್ಟಿದ. ಅದು ರೇಡಿಯೊದ್ದಲ್ಲ, ಹಾಗಾಗಿ ಲೈಸೆನ್ಸ್ ಹಣವೂ ಇಲ್ಲ. ಅದರ ಎಳವೆಯ ವರ್ಷಗಳಲ್ಲಿ ಕೈ ಹಿಡಿದವರು ಜಯಚಾಮರಾಜೇಂದ್ರ ಒಡೆಯರ್. ಫಿಲ್‌ಹಾರ್ಮೊನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಮಹಾರಾಜರ ಔದಾರ್ಯ ದೊಡ್ಡದು, ಅದರಿಂದ ದೊರೆತ ಮುದ್ರಿಕೆಗಳು ಇಂದಿಗೂ ಅಮೂಲ್ಯ. ಆದರೆ ಒಬ್ಬರ ಕೊಡುಗೆಗೆ ಕಾಲದ ಮಿತಿಯಿರುತ್ತದೆ. 1964ರಲ್ಲಿ ಲೆಗ್ ಆ ವಾದ್ಯವೃಂದವನ್ನು ನಿಲ್ಲಿಸುತ್ತೇನೆಂದು ಘೋಷಿಸಿದಾಗ ವಾದಕರೇ ಸಂಘ ಕಟ್ಟಿಕೊಂಡು ಅದನ್ನು ಉಳಿಸಿಕೊಳ್ಳಬೇಕಾಯಿತು.

ಲೈಸೆನ್ಸ್ ಹಣವಿದ್ದ ಬಿಬಿಸಿಯಲ್ಲೂ ಕತ್ತರಿ ಹೊರಬಂದಿದೆ. 1980ರಲ್ಲಿ ತನ್ನ 11 ವಾದ್ಯವೃಂದಗಳಲ್ಲಿ ಐದನ್ನು ಮುಚ್ಚುವುದಾಗಿ ಅದು ಹೇಳಿತು. ವಾದಕರು ಮುಷ್ಕರ ಹೂಡಿದರು, ಆ ವರ್ಷದ ಪ್ರಾಮ್ಸ್‌ನ ಮೊದಲ ವಾರಗಳ ಕಚೇರಿಗಳೇ ನಡೆಯಲಿಲ್ಲ. ಸಿಂಫನಿ ಆರ್ಕೆಸ್ಟ್ರಾದ ಮೇಲೆ ನೇರವಾಗಿ ಕತ್ತಿ ಇರಲಿಲ್ಲ. ಆದರೂ ಅದರ ವಾದಕರು ತಮ್ಮ ಜೊತೆಗಾರರಿಗಾಗಿ ಹೊರಗೆ ನಿಂತರು. ಬಿಬಿಸಿ ಸ್ಕಾಟಿಷ್ ಸಿಂಫನಿ ಉಳಿದದ್ದು ಆ ಹೋರಾಟದಿಂದ. ಲಘು ಸಂಗೀತದ ಕೆಲವು ತಂಡಗಳು ಉಳಿಯಲಿಲ್ಲ. 2023ರ ಮಾರ್ಚಿನಲ್ಲಿ ಮತ್ತೊಂದು ಘೋಷಣೆ: ಬಿಬಿಸಿ ಸಿಂಗರ್ಸ್ ಗಾಯಕವೃಂದ ಬಂದ್, ಇಂಗ್ಲೆಂಡಿನ ಮೂರು ವಾದ್ಯವೃಂದಗಳಲ್ಲಿ ಖಾಯಂ ಹುದ್ದೆಗಳು 20 ಶೇಕಡಾ ಕಡಿತ. ಲಕ್ಷಕ್ಕೂ ಹೆಚ್ಚು ಜನ ಸಹಿ ಮಾಡಿ ವಿರೋಧಿಸಿದ ಮೇಲೆ ಗಾಯಕವೃಂದವನ್ನು ಮುಚ್ಚುವ ನಿರ್ಧಾರವನ್ನು ಕೆಲವೇ ವಾರಗಳಲ್ಲಿ ತಡೆಹಿಡಿದರು. ಜರ್ಮನಿಯಲ್ಲಿ ವಿರೋಧವಿದ್ದರೂ ತಡೆಯಲಾಗಲಿಲ್ಲ. ಹೊಸ ಸಂಗೀತಕ್ಕೆ ಮನೆಯಂತಿದ್ದ ಬಾಡೆನ್-ಬಾಡೆನ್‌ನ ರೇಡಿಯೊ ವಾದ್ಯವೃಂದವನ್ನು 2016ರಲ್ಲಿ ಸ್ಟುಟ್‌ಗಾರ್ಟ್‌ನದರ ಜೊತೆ ವಿಲೀನ ಮಾಡಿದರು.

ಹುದ್ದೆ ಕಡಿತ ಎಂದಾಗ ಹೊರಗಿನವರಿಗೆ ಅದು ಖರ್ಚಿನ ಲೆಕ್ಕವಾಗಿ ಕಾಣುತ್ತದೆ. ಖಾಲಿಯಾದ ಕುರ್ಚಿಗೆ ಕಚೇರಿಗಿಷ್ಟು ಎಂದು ಹೊರಗಿನವರನ್ನು ಕರೆಸಬಹುದಲ್ಲ ಎನ್ನುತ್ತಾರೆ. 1930ಕ್ಕೆ ಮೊದಲು ಲಂಡನ್ನಿನಲ್ಲಿ ಇದ್ದದ್ದು ಅದೇ ತಾನೆ? ಅದನ್ನು ತೊಲಗಿಸಲೆಂದೇ ಈ ವಾದ್ಯವೃಂದ ಹುಟ್ಟಿತು ಎಂಬುದನ್ನು ಲೆಕ್ಕ ಹಾಕುವವರಿಗೆ ನೆನಪಿಸುವವರು ಬೇಕು.

ನಮ್ಮ ಆಕಾಶವಾಣಿಗೂ ಇದರ ಗಾಳಿ ಬೀಸಿತ್ತು. ಬಿಬಿಸಿಯಿಂದ 1935ರಲ್ಲಿ ಬಂದ ಲಯನೆಲ್ ಫೀಲ್ಡೆನ್ ಭಾರತದ ಪ್ರಸಾರ ವ್ಯವಸ್ಥೆ ಕಟ್ಟುತ್ತಿದ್ದ ಕಾಲದಲ್ಲಿ ಇಂಗ್ಲಿಷ್ ಸಂಗೀತಗಾರ ಜಾನ್ ಫೌಲ್ಡ್ಸ್ ದೆಹಲಿ ನಿಲಯದ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದ. ಭಾರತೀಯ ವಾದ್ಯಗಳನ್ನೇ ಸೇರಿಸಿ ವೃಂದ ಕಟ್ಟಿದ. 1939ರ ಏಪ್ರಿಲ್‌ನಲ್ಲಿ ಕಲ್ಕತ್ತೆಯಲ್ಲಿ ಕಾಲರಾಕ್ಕೆ ಬಲಿಯಾದ. 1952ರಲ್ಲಿ ಆಕಾಶವಾಣಿಯ ವಾದ್ಯವೃಂದ ದೆಹಲಿಯಲ್ಲಿ ಹುಟ್ಟಿದಾಗ ಹಿಂದೂಸ್ತಾನಿ ಕಡೆಯಿಂದ ಪಂಡಿತ ರವಿಶಂಕರ್, ಕರ್ನಾಟಕ ಸಂಗೀತದ ಕಡೆಯಿಂದ ಟಿ.ಕೆ. ಜಯರಾಮ ಅಯ್ಯರ್ ಅದನ್ನು ನಡೆಸಿದರು. ಮನೋಧರ್ಮವೇ ಉಸಿರಾದ ಸಂಗೀತವನ್ನು ಬರೆದಿಟ್ಟು ಗುಂಪಿನಲ್ಲಿ ನುಡಿಸುವುದು ಎಷ್ಟು ಕಷ್ಟ ಎಂಬುದು ಬೇರೆಯೇ ಚರ್ಚೆ, ಇನ್ನೊಮ್ಮೆ ಯಾರಾದರೂ ಕೇಳಿದರೆ ವಿವರವಾಗಿ ಬರೆಯುವೆ.

ನಿಮ್ಮ ಮೂರನೇ ಪ್ರಶ್ನೆಗೆ, ಅಂದರೆ ಈಗಲೂ ಯಾಕೆ ಎಂಬುದಕ್ಕೆ, ಇದೇ ಫೌಲ್ಡ್ಸ್‌ನಿಂದ ಉತ್ತರ ಕೊಡುತ್ತೇನೆ. ಮೊದಲ ಮಹಾಯುದ್ಧದಲ್ಲಿ ಸತ್ತವರಿಗಾಗಿ ಅವನು ‘ಎ ವರ್ಲ್ಡ್ ರಿಕ್ವಿಯಂ’ ಎಂಬ ಬೃಹತ್ ಕೃತಿ ಬರೆದಿದ್ದ. 1923ರಿಂದ 1926ರವರೆಗೆ ಪ್ರತಿ ನವೆಂಬರಿನಲ್ಲೂ ಲಂಡನ್ನಿನಲ್ಲಿ ನುಡಿಸಿದರು, ಆಮೇಲೆ ಕೈಬಿಟ್ಟರು. ನೂರಾರು ಗಾಯಕರು ಬೇಕು, ಹೆಸರು ಮರೆತ ಸಂಗೀತಗಾರ, ಟಿಕೆಟ್ ಮಾರಾಟವಾಗುವ ಭರವಸೆಯಿಲ್ಲ. 81 ವರ್ಷ ಅದು ಕಪಾಟಿನಲ್ಲಿತ್ತು. 2007ರ ನವೆಂಬರ್ 11ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅದನ್ನು ಮತ್ತೆ ನುಡಿಸಿದ್ದು ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ. ಎಲ್ಗರ್‌ನ ಮೂರನೇ ಸಿಂಫನಿಯದೂ ಇಂಥದ್ದೇ ಕಥೆ. ಬರ್ನಾರ್ಡ್ ಷಾ ಒತ್ತಾಯದಿಂದ ಬಿಬಿಸಿ 1932ರಲ್ಲಿ ಅದನ್ನು ಬರೆಯಲು ಕೇಳಿತು, 1934ರಲ್ಲಿ ಎಲ್ಗರ್ ಬಿಡಿ ಹಾಳೆಗಳಷ್ಟನ್ನೇ ಬಿಟ್ಟು ತೀರಿಕೊಂಡ. ಆಂಟನಿ ಪೇನ್ ಆ ಹಾಳೆಗಳಿಂದ ಕಟ್ಟಿ ಪೂರೈಸಿದ ರೂಪವನ್ನು 1998ರ ಫೆಬ್ರವರಿಯಲ್ಲಿ ಮೊದಲು ನುಡಿಸಿದ್ದು, ಅರವತ್ತಾರು ವರ್ಷ ಹಿಂದೆ ಯಾವ ಸಂಸ್ಥೆ ಕೇಳಿತ್ತೋ ಅದರದೇ ವಾದ್ಯವೃಂದ.

ಮೇಡಾ ವೇಲ್ ಕಟ್ಟಡವನ್ನು ಬಿಬಿಸಿ 2023ರಲ್ಲಿ ಮಾರಿತು, ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ ಹೊಸ ಸ್ಟುಡಿಯೊಗೆ ಸ್ಥಳಾಂತರದ ಯೋಜನೆ. ನೀವು ಈಗಷ್ಟೇ ಕೇಳಲು ಶುರು ಮಾಡಿರುವುದರಿಂದ ಎಲ್ಲಿಂದ ಆರಂಭಿಸಬಹುದೆಂದು ಹೇಳುತ್ತೇನೆ. ಟೊಸ್ಕನೀನಿ 1937ರಲ್ಲಿ ಕ್ವೀನ್ಸ್ ಹಾಲಿನಲ್ಲಿ ಈ ತಂಡದೊಂದಿಗೆ ಮುದ್ರಿಸಿದ ಬೀಥೋವನ್‌ನ ‘ಪ್ಯಾಸ್ಟೊರಲ್’ ಸಿಂಫನಿ ಮೊದಲು ಕೇಳಿ, ಸುಟ್ಟುಹೋದ ಆ ಸಭಾಂಗಣದ ಧ್ವನಿಯೂ ಅದರಲ್ಲಿದೆ. ಆಮೇಲೆ ಬೌಲ್ಟ್ 1944ರಲ್ಲಿ ಬೆಡ್‌ಫರ್ಡ್‌ನಲ್ಲಿ ಮುದ್ರಿಸಿದ ಎಲ್ಗರ್‌ನ ಎರಡನೇ ಸಿಂಫನಿ. ಹಿಂಡೆಮಿತ್‌ನ ‘ಟ್ರಾವರ್‌ಮುಸೀಕ್’ ಯಾರು ನುಡಿಸಿದ್ದಾದರೂ ಸರಿ. ವೇಬರ್ನ್ ನಡೆಸಿದ ಬರ್ಗ್ ಕಾನ್ಸರ್ಟೊವನ್ನು ಮಾತ್ರ ಕೊನೆಗಿಡಿ. ಅದೇ ಕೃತಿಯ ಹೊಸ, ಸ್ವಚ್ಛವಾದ ಮುದ್ರಿಕೆಯೊಂದನ್ನು ಎರಡು ಮೂರು ಸಲ ಕೇಳಿ ರಚನೆ ಮನಸ್ಸಿಗೆ ಹತ್ತಿದ ಮೇಲೆ ಅದಕ್ಕೆ ಬನ್ನಿ. ಹಳೆಯ ತಟ್ಟೆಯಲ್ಲಿ ಕೇಳಿಸದ ಸ್ವರಗಳನ್ನು ಆಗ ನಿಮ್ಮ ಕಿವಿಯೇ ತುಂಬಿಕೊಳ್ಳುತ್ತದೆ.